ಕಪ್ಪಗಲ್ಲಿನ ಬಂಡೆಚಿತ್ರಗಳು

(ಸಂಘದ ರಾಜ್ಯೋತ್ಸವ ಗೋಷ್ಠಿಯಲ್ಲಿ ಮಾಡಿದ ಭಾಷಣ)



ನಾನು ಪುರಾತತ್ತ್ವ ಬಲ್ಲ ಪಂಡಿತನಲ್ಲ, ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಲೆಕ್ಕ ಬರೆಯುವ ಗುಮಾಸ್ತ. ಆದರೆ ಬಳ್ಳಾರಿಯ ಕಡೆಯವನಾದ್ದರಿಂದ ಕಪ್ಪಗಲ್ಲಿನ ಗುಡ್ಡವನ್ನು ಬಾಲ್ಯದಿಂದ ಬಲ್ಲೆ. ಅದರ ವಿಷಯವಾಗಿ ನಾಲ್ಕು ಮಾತು ಹೇಳಬೇಕೆಂದು ಕಾರ್ಯದರ್ಶಿಗಳ ಅಪ್ಪಣೆಯಾಗಿದೆ.

ಬಳ್ಳಾರಿಯ ಸಮೀಪದಲ್ಲೇ ಸಂಗನಕಲ್ಲು, ಕಪ್ಪಗಲ್ಲು ಎಂಬ ಹಳ್ಳಿಗಳುಂಟು. ಪುಸ್ತಕಗಳಲ್ಲಿ ಕುಪ್‌ಗಲ್ ಎಂದು ಕಾಣುವುದು ಈ ಕಪ್ಪಗಲ್ಲೇ. ಅಲ್ಲಿಯ ಗ್ರಾನೈಟ್ ಗುಡ್ಡವನ್ನು ಸೀಳಿಕೊಂಡು ಡಾಲರೈಟ್ ಎಂಬ ಕರಿಕಲ್ಲಿನ ಸಾಲೊಂದು ಹಾದುಹೋಗಿದೆ. ಆ ಬಂಡೆಗಳ ಮೇಲೆ ಉದ್ದ ಕೊಂಬಿನ, ಹಿಣಿಲೆದ್ದ ದನಗಳ ಚಿತ್ರಗಳು ಹೇರಳ. ಮನುಷ್ಯರ ಆಕೃತಿಗಳೂ ಉಂಟು. ಕೆಲವು ಬಂಡೆಗಳನ್ನು ಕಲ್ಲಿನಿಂದ ಬಡಿದರೆ ಗಂಟೆಯಂತೆ ನಾದ ಹೊರಡುತ್ತದೆ. 1892ರಲ್ಲಿ ಫಾಸೆಟ್ ಎಂಬವರು ಈ ಚಿತ್ರಗಳ ಕುರಿತು ಬರೆದರು. 2004ರಲ್ಲಿ ನಿಕೋಲ್ ಬೋಯ್ವಿನ್ ಎಂಬ ವಿದುಷಿ ಚಿತ್ರಗಳನ್ನೂ ಬಂಡೆಗಳ ನಾದವನ್ನೂ ಕೂಡಿಸಿ ಲೇಖನ ಪ್ರಕಟಿಸಿದರು.

ಇವುಗಳಲ್ಲಿ ಯಾವುದು ಹಳೆಯದು, ಯಾವುದು ಹೊಸದು? ಬಂಡೆಯ ಮೇಲೆ ತಾರೀಖು ಇಲ್ಲ. ಆದರೂ ವಿಂಗಡಿಸಲು ದಾರಿಗಳುಂಟು. ಮೊದಲನೆಯದು ಬಣ್ಣ. ಕರಿಕಲ್ಲಿನ ಹೊರಮೈಯನ್ನು ಕುಟ್ಟಿದರೆ ತಿಳಿಬಣ್ಣ ಕಾಣುತ್ತದೆ. ಬಿಸಿಲು ಮಳೆಗೆ ಕಾಲಾಂತರದಲ್ಲಿ ಅದೂ ಕಪ್ಪಾಗುತ್ತದೆ. ಆದ್ದರಿಂದ ಒಂದೇ ಬಂಡೆಯಲ್ಲಿ ಹೆಚ್ಚು ಕಪ್ಪಾದದ್ದು ಸಾಮಾನ್ಯವಾಗಿ ಹೆಚ್ಚು ಹಳೆಯದು. ಎರಡನೆಯದು, ಒಂದರ ಮೇಲೊಂದು ಬಿದ್ದ ಚಿತ್ರ: ಅಡಿಯದು ಮೊದಲಿನದು. ಮೂರನೆಯದು ವಸ್ತು: ಕುದುರೆ ಸವಾರನೂ ಕತ್ತಿ ಹಿಡಿದ ಸೈನಿಕನೂ ದನಗಾಹಿಗಳ ನವಶಿಲಾಯುಗದವರಲ್ಲ, ಅನಂತರ ಬಂದವರು.

ನಾಲ್ಕನೆಯದು ಹೋಲಿಕೆ. ಮುದಗಲ್ಲಿನ ಹತ್ತಿರದ ಪಿಕ್ಲಿಹಾಳವು 1956ರವರೆಗೆ ಹೈದರಾಬಾದ್ ರಾಜ್ಯಕ್ಕೇ ಸೇರಿತ್ತು. 1952ರಲ್ಲಿ ಆಲ್ಚಿನ್ ಎಂಬ ವಿದ್ವಾಂಸರು ಅಲ್ಲಿ ಉತ್ಖನನ ಮಾಡಿದರು. ಅವರ ಗ್ರಂಥ 1960ರಲ್ಲಿ ನಮ್ಮ ಈ ಹೈದರಾಬಾದಿನಿಂದಲೇ ಹೊರಬಂದಿತು. ಅಲ್ಲಿ ಬಂಡೆಯ ಮೇಲೂ ದನ, ನೆಲದೊಳಗೂ ಸುಟ್ಟ ಮಣ್ಣಿನ ದನ. 1957ರಲ್ಲಿ ಅವರೇ ಅಗೆದ, ಹಳೆಯ ಮಹಬೂಬ್‌ನಗರ ಜಿಲ್ಲೆಯ ಉಟ್ನೂರಿನ ಬೂದಿದಿಬ್ಬದಲ್ಲಿ ದನಗಳ ಗೊರಸಿನ ಗುರುತುಗಳೇ ದೊರೆತವು. ಚಿತ್ರ, ಗೊಂಬೆ, ಗೊರಸು ಮೂರನ್ನೂ ಎದುರುಬದುರು ಇಟ್ಟಾಗಲೇ ನಾಲ್ಕು ಸಾವಿರ ವರ್ಷಗಳಾಚೆಯ ದನಗಾಹಿಗಳ ಬಾಳು ನಮಗೆ ತಿಳಿಯುವುದು. ಇಂದಿನ ಗಡಿ ಅವರಿಗೆ ಇರಲಿಲ್ಲ.

ನಮ್ಮ ಕಸುಬಿನಲ್ಲಿ ಲೆಡ್ಜರಿನಿಂದ ಕಳಚಿದ ವೋಚರಿಗೆ ಬೆಲೆಯಿಲ್ಲ. ಬಂಡೆಚಿತ್ರವೂ ಹಾಗೆಯೇ. ಯಾವ ಬಂಡೆ, ಯಾವ ಮಗ್ಗುಲು, ಪಕ್ಕದಲ್ಲಿ ಏನು ಎಂಬುದು ಹೋದರೆ ಹೋಲಿಕೆಗೆ ಆಧಾರವೇ ಇಲ್ಲ. ಕರಿಕಲ್ಲಿನ ಗಣಿಗಾರಿಕೆಯಿಂದ ಆ ಗುಡ್ಡದ ಒಂದು ಭಾಗಕ್ಕೆ ಆಗಲೇ ಹಾನಿಯಾಗಿದೆ.

ಗಣಿಯವರನ್ನಷ್ಟೇ ದೂರಿ ನಾನು ಕುಳಿತುಕೊಳ್ಳುವಂತಿಲ್ಲ. ಹೈಸ್ಕೂಲಿನಲ್ಲಿದ್ದಾಗ ಗೆಳೆಯರ ಜೊತೆ ಗುಡ್ಡ ಹತ್ತಿ, ಒಂದು ಹೋರಿಯ ಬೆನ್ನ ಮೇಲೆಯೇ ನನ್ನ ಹೆಸರನ್ನು ಕುಟ್ಟಿದೆ. ಕೆಳಗೆ ಏನೋ ಇದೆಯೆಂದು ಕಂಡೂ ಕುಟ್ಟಿದೆ. ಹೋದ ದೀಪಾವಳಿಗೆ ಮಗನೊಡನೆ ಹೋದಾಗ ಹೋರಿ ಮಬ್ಬಾಗಿತ್ತು, ನನ್ನ ಹೆಸರು ಬೆಳ್ಳಗೆ ಹೊಳೆಯುತ್ತಿತ್ತು. “ಅಪ್ಪಾ, ಇದು ನೀನೇನಾ?” ಎಂದು ಮಗ ಕೇಳಿದ. ತಲೆ ತಗ್ಗಿಸಿದೆ. ಅದು ಕಪ್ಪಾಗಲು ನನ್ನ ಮೊಮ್ಮಕ್ಕಳ ಕಾಲವೂ ಸಾಲದು.

ಬಂಧುಗಳೇ, ರಜೆಗೆ ಊರಿಗೆ ಹೋದಾಗ ಆ ಗುಡ್ಡವನ್ನು ನೋಡಿ, ಮಕ್ಕಳಿಗೆ ತೋರಿಸಿ. ಫೋಟೋ ತೆಗೆಯಿರಿ, ಸ್ಥಳ ಬರೆದಿಡಿ. ಸೀಮೆಸುಣ್ಣ ತಿದ್ದಬೇಡಿ, ನೀರು ಸುರಿಯಬೇಡಿ, ಹೆಸರು ಕೆತ್ತಲೇಬೇಡಿ. ಇಲ್ಲಿ ನಮ್ಮ ಮನೆಗಳ ಸುತ್ತ ಬಂಡೆ ಸಿಡಿಸುವಾಗಲೂ ಅದರ ಮೈಮೇಲೆ ಒಮ್ಮೆ ಕಣ್ಣಾಡಿಸಿ; ಗುರುತು ಕಂಡರೆ ಪುರಾತತ್ತ್ವ ಇಲಾಖೆಗೆ ತಿಳಿಸಿ.