‘ಪ್ಲೀಸ್’ ಎಂದರೆ ‘ದಯವಿಟ್ಟು’ ಅಲ್ಲ

ನನಗೆ ಕೊಟ್ಟಿರುವುದು ಐದು ನಿಮಿಷ. ಹಾಗಾಗಿ ಒಂದೇ ಒಂದು ಪದದ ಬಗ್ಗೆ ಮಾತಾಡುತ್ತೇನೆ: ಪ್ಲೀಸ್.

ಈ ವರ್ಷ ನಮ್ಮ ತರಗತಿಯ ಹುಡುಗನೊಬ್ಬ ಹಾಸನದಲ್ಲಿರುವ ತಾತನಿಗೆ ವಿಡಿಯೋ ಕಾಲ್ ಮಾಡಿ, ‘ತಾತ, ದಯವಿಟ್ಟು ನನಗೆ ಒಂದು ಕಥೆ ಹೇಳು’ ಅಂದನಂತೆ. ತಾತ ಜೋರಾಗಿ ನಕ್ಕು, ‘ಏನೋ ಪುಟ್ಟಾ, ರೈಲ್ವೆ ಸ್ಟೇಷನ್ನಿಂದ ಮಾತಾಡ್ತಿದ್ದೀಯಾ?’ ಅಂದರಂತೆ. ಪ್ರೀತಿಯ ನಗುವೇ. ಆದರೆ ಹುಡುಗ ಮುಂದಿನ ಮೂರು ವಾರ ತಾತನ ಜೊತೆ ಇಂಗ್ಲಿಷಿನಲ್ಲೇ ಮಾತಾಡಿದ. ಅವನ ತಾಯಿ ಬಂದು ಹೇಳಿದಾಗ ನನಗೆ ನಾಚಿಕೆಯಾಯಿತು. ‘ಪ್ಲೀಸ್ ಎಂದರೆ ದಯವಿಟ್ಟು’ ಎಂದು ಅಭ್ಯಾಸದ ಹಾಳೆಯಲ್ಲಿ ಬರೆದುಕೊಟ್ಟವಳು ನಾನೇ.

ನಿಘಂಟಿನ ಪ್ರಕಾರ ಅದು ಸರಿ. ಆದರೆ ನಮ್ಮಲ್ಲಿ ‘ದಯವಿಟ್ಟು’ ಹೆಚ್ಚಾಗಿ ಇರುವುದು ಬೋರ್ಡುಗಳಲ್ಲಿ, ಪ್ರಕಟಣೆಗಳಲ್ಲಿ, ಅರ್ಜಿಗಳಲ್ಲಿ. ಮನೆಯಲ್ಲಿ ಯಾರಾದರೂ ‘ದಯವಿಟ್ಟು ಉಪ್ಪು ಕೊಡಿ’ ಅಂದರೆ ಏನೋ ಜಗಳ ಆಗಿದೆ ಅಂತಲೇ ಅರ್ಥ! ನಮ್ಮ ವಿನಯ ಇರುವುದು ಕ್ರಿಯಾಪದದ ಬಾಲದಲ್ಲಿ. ‘ಕೊಡು’ ಹೋಗಿ ‘ಕೊಡಿ’ ಆದರೆ ಸಾಕು. ‘ಕೊಡ್ತೀರಾ’ ಅಂದರೆ ಇನ್ನೂ ಮೃದು. ಧಾರವಾಡದ ಕಡೆಯವರಿಗೆ ‘ಕೊಡ್ರಿ’ ಇದೆ. ಜೊತೆಗೆ ಎಲ್ಲ ಕಡೆ ‘ಸ್ವಲ್ಪ’ ಇದೆ. ಈ ‘ಸ್ವಲ್ಪ’ಕ್ಕೂ ಅಳತೆಗೂ ಸಂಬಂಧವಿಲ್ಲ. ಒಮ್ಮೆ ಕ್ಲಾಸಿನಲ್ಲಿ ‘ಸ್ವಲ್ಪ ಬಾಗಿಲು ತೆಗಿಯಮ್ಮ’ ಅಂದೆ. ಆ ಹುಡುಗಿ ನಾಲ್ಕು ಇಂಚು ತೆಗೆದು, ಸಾಕಾ ಎಂಬಂತೆ ನನ್ನ ಮುಖ ನೋಡಿದಳು.

ಇಂಗ್ಲಿಷ್ ಕ್ರಿಯಾಪದಕ್ಕೆ ಇಂಥ ಬಾಲವಿಲ್ಲ. ಮಗುವಿಗೂ ‘ಗಿವ್’, ಮುದುಕರಿಗೂ ‘ಗಿವ್’. ಮರ್ಯಾದೆಯನ್ನು ಹೊರಗಿನಿಂದಲೇ ಸೇರಿಸಬೇಕು. ‘ಇಫ್ ಇಟ್ ಪ್ಲೀಸ್ ಯೂ’, ಅಂದರೆ ‘ನಿಮಗೆ ಇಷ್ಟವಾದರೆ’ ಎಂಬ ಹಳೆಯ ಮಾತಿನ ಉಳಿದ ತುಂಡು ಈ ಪ್ಲೀಸ್. ಫ್ರೆಂಚರು ಅದೇ ಅರ್ಥದ ಮಾತನ್ನು ಇವತ್ತಿಗೂ ಪೂರ್ತಿಯಾಗಿ ‘ಸಿಲ್ ವು ಪ್ಲೇ’ ಅನ್ನುತ್ತಾರೆ.

ನಾನು ಇಂಗ್ಲೆಂಡಿಗೆ ಬಂದ ಹೊಸದರಲ್ಲಿ ಆಫೀಸಿನಲ್ಲಿ ‘ಆ ಫೈಲ್ ಸ್ವಲ್ಪ ಕೊಡಿ’ ಅಂತ ಮನಸ್ಸಿನಲ್ಲಿ ಅಂದುಕೊಂಡು, ಬಾಯಲ್ಲಿ ‘ಗಿವ್ ಮಿ ದಟ್ ಫೈಲ್’ ಅನ್ನುತ್ತಿದ್ದೆ. ದಾರಿಯಲ್ಲಿ ‘ಸ್ವಲ್ಪ’ವೂ ಬಿದ್ದುಹೋಯಿತು, ‘ಕೊಡಿ’ಯ ಬಾಲವೂ ಬಿದ್ದುಹೋಯಿತು. ಎಲ್ಲರೂ ನನ್ನನ್ನು ಒರಟು ಹೆಂಗಸು ಅಂದುಕೊಂಡಿದ್ದಾರೆ ಎಂದು ತಿಳಿಯಲು ಆರು ತಿಂಗಳು ಬೇಕಾಯಿತು. ನಮ್ಮ ಹುಡುಗನಿಗೆ ಆದದ್ದು ಇದರ ತಿರುಗುಮುರುಗು. ‘ದಯವಿಟ್ಟು’ ಬಂತು, ‘ಹೇಳು’ ಹಾಗೇ ಉಳಿಯಿತು. ಕೆಲವು ಮನೆಗಳಲ್ಲಿ ತಾತನಿಗೂ ‘ಹೇಳು’ ನಡೆಯುತ್ತದೆ, ಅದು ಸಲಿಗೆ. ಅವರ ಮನೆಯಲ್ಲಿ ‘ಹೇಳಿ’ ರೂಢಿ.

ಬೆಂಗಳೂರಿನ ಮಕ್ಕಳೂ ‘ಪ್ಲೀಸ್ ಅಮ್ಮಾ’ ಅನ್ನುತ್ತಾರಲ್ಲ ಎಂದು ನೀವು ಕೇಳಬಹುದು. ಅದು ವಿನಯವಲ್ಲ, ಗೋಗರೆಯುವುದು. ಐಸ್‌ಕ್ರೀಂ ಸಿಗುವವರೆಗೂ ನಿಲ್ಲುವುದಿಲ್ಲ.

ಸೆಪ್ಟೆಂಬರಿನಿಂದ ಆ ಹಾಳೆಯನ್ನು ಬದಲಾಯಿಸುತ್ತೇವೆ. ಪೋಷಕರಲ್ಲಿ ಒಂದು ಕೋರಿಕೆ. ಮಗು ‘ಅಜ್ಜಿ, ಸ್ವಲ್ಪ ಸಾರು ಹಾಕಿ’ ಅಂದಾಗ ‘ಮ್ಯಾಜಿಕ್ ವರ್ಡ್ ಎಲ್ಲಿ?’ ಎಂದು ತಡೆಯಬೇಡಿ. ಅದು ‘ಹಾಕಿ’ಯಲ್ಲಿ ಆಗಲೇ ಬಂದಿದೆ. ಅದೇ ಮಗು ಸ್ಕೂಲಿನ ಊಟದ ಸಾಲಿನಲ್ಲಿ ಪ್ಲೀಸ್ ಬಿಟ್ಟರೆ ಮಾತ್ರ ಖಂಡಿತ ತಿದ್ದಿ.

ಆ ಹುಡುಗ ಮೊನ್ನೆ ಮತ್ತೆ ಕನ್ನಡಕ್ಕೆ ಬಂದಿದ್ದಾನೆ. ‘ತಾತ, ಸ್ವಲ್ಪ ಕಥೆ ಹೇಳಿ’ ಅಂದನಂತೆ. ‘ಸ್ವಲ್ಪ ಯಾಕೋ, ಪೂರ್ತಿ ಹೇಳ್ತೀನಿ’ ಅಂದರಂತೆ ತಾತ.