ಕೂಡಿ ಕಲಿಯುವುದು

(ಸಂಘದ ಬೆಳ್ಳಿಹಬ್ಬದ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ಸಹಕಾರದ ಬಗ್ಗೆ ನಾಲ್ಕು ಮಾತಾಡಿ ಎಂದು ಕಾರ್ಯದರ್ಶಿಗಳು ಮನೆಗೆ ಬಂದು ಹೇಳಿದರು. ಷೇರು, ಸಾಲ, ವಸೂಲಿ ಇವುಗಳಲ್ಲಿ ನಮಗೆ ತಿಳಿದದ್ದು ಕಡಿಮೆ. ಮೂವತ್ತು ವರ್ಷ ಸೀಮೆಸುಣ್ಣ ಹಿಡಿದವರು ನಾವು. ಹಾಗಾಗಿ ಶಾಲೆಯ ಕೋಣೆಯೊಳಗಿನ ಸಹಕಾರದ ವಿಷಯ, ಅಂದ್ರೆ ಮಕ್ಕಳು ಕೂಡಿ ಕೂತು, ಮಾತಾಡಿ, ಒಬ್ಬರಿಗೊಬ್ಬರು ಹೇಳಿಕೊಟ್ಟು ಕಲಿಯುವ ವಿಷಯ ಹೇಳುತ್ತೇವೆ. ಕಡೆಗೆ ಅದು ಸಂಘದ ಬಾಗಿಲಿಗೇ ಬರುತ್ತದೆ, ಸ್ವಲ್ಪ ತಾಳ್ಮೆ ಇರಲಿ.

ಮೊದಲು ನಮ್ಮ ತಪ್ಪನ್ನೇ ಒಪ್ಪಿಕೊಂಡು ಬಿಡುತ್ತೇವೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ತರಗತಿ ಎಂದರೆ ಸೂಜಿ ಬಿದ್ದರೂ ಕೇಳಬೇಕು ಎಂಬುದು ನಮ್ಮ ನಂಬಿಕೆಯಾಗಿತ್ತು. ನಾಲ್ಕನೇ ತರಗತಿಗೆ ಭಿನ್ನರಾಶಿ ಮಾಡುತ್ತಿದ್ದೆವು. ಅರ್ಧ ದೊಡ್ಡದೋ ಕಾಲು ದೊಡ್ಡದೋ ಎಂದು ಒಬ್ಬ ಹುಡುಗಿಗೆ ಕೇಳಿದರೆ, ಎರಡಕ್ಕಿಂತ ನಾಲ್ಕು ದೊಡ್ಡದಲ್ವ, ಕಾಲೇ ದೊಡ್ಡದು ಅಂದಳು. ಮೂರು ಸಲ ಹೇಳಿದೆವು, ತಲೆಗೆ ಹತ್ತಲಿಲ್ಲ. ನಾವು ಬೋರ್ಡಿನ ಕಡೆ ತಿರುಗಿದಾಗ ಪಕ್ಕದವಳು ಪಿಸುಗುಟ್ಟಿದಳು: "ಏ ಹುಚ್ಚಿ, ಒಂದು ರೊಟ್ಟಿ ಇಬ್ಬರು ತಿಂದ್ರ ಹೊಟ್ಟಿ ತುಂಬ್ತೈತೋ, ನಾಕು ಮಂದಿ ತಿಂದ್ರ ತುಂಬ್ತೈತೋ?" ಕೇಳಿದವಳ ಮುಖ ಅರಳಿತು. ನಾವೇನು ಮಾಡಿದೆವು? ಪಾಠದ ನಡುವೆ ಮಾತಾಡಿದಳೆಂದು ಹೇಳಿಕೊಟ್ಟವಳನ್ನು ಗಂಟೆ ಹೊಡೆಯುವವರೆಗೆ ಹೊರಗೆ ನಿಲ್ಲಿಸಿದೆವು. ಮಾರನೆಯ ದಿನ ಅದೇ ಲೆಕ್ಕ ಕೊಟ್ಟಾಗ ಆ ಮೊದಲ ಹುಡುಗಿ ಸರಿಯಾಗಿ ಮಾಡಿದಳು. ನಮ್ಮ ಪಾಠ ಚೆನ್ನಾಗಿತ್ತು ಎಂದು ಬೀಗಿದ್ದೂ ಉಂಟು! ಅದು ಯಾರ ಪಾಠ ಎಂದು ನಮಗೆ ಹೊಳೆಯಲು ಹತ್ತು ವರ್ಷ ಬೇಕಾಯಿತು. ಹೊರಗೆ ನಿಂತವಳು ಏಳನೇ ತರಗತಿಗೆ ಶಾಲೆ ಬಿಟ್ಟಳು. ಈಗ ನಮ್ಮೂರಿನ ಸ್ತ್ರೀಶಕ್ತಿ ಗುಂಪಿನ ಲೆಕ್ಕ ಬರೆಯುವವಳು ಅವಳೇ. ಇಲ್ಲೇ ಕೂತಿದ್ದಾಳೆ, ಹೆಸರು ಹೇಳುವುದಿಲ್ಲ.

ಹೀಗೆ ಗುಂಪಿನಲ್ಲಿ ಕಲಿಯುವುದು ಏನೋ ಹೊಸ ಫಾರಿನ್ ಪದ್ಧತಿ ಎಂದು ಕೆಲವರು ತಿಳಿದಿದ್ದಾರೆ. ಹಾಗಲ್ಲ. ನಮ್ಮ ಬಳ್ಳಾರಿ ಸೀಮೆಯಲ್ಲೇ ಅದಕ್ಕೆ ಇನ್ನೂರು ವರ್ಷದ ದಾಖಲೆ ಇದೆ. 1823ರಲ್ಲಿ ಬಳ್ಳಾರಿಯ ಕಲೆಕ್ಟರ್ ಆಗಿದ್ದ ಎ. ಡಿ. ಕ್ಯಾಂಪ್‌ಬೆಲ್ ಎಂಬ ಇಂಗ್ಲಿಷ್ ಅಧಿಕಾರಿ ಮದರಾಸು ಸರ್ಕಾರಕ್ಕೆ ಜಿಲ್ಲೆಯ ಶಾಲೆಗಳ ವರದಿ ಕಳಿಸಿದ. ಆಗ ಜಿಲ್ಲೆಯಲ್ಲಿ 533 ಶಾಲೆಗಳಿದ್ದವು, ಓದುವ ಮಕ್ಕಳು 6,641. ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುತ್ತಿದ್ದರು. ಮುಂದೆ ಹೋದ ಹುಡುಗರು ಹಿಂದಿನವರಿಗೆ ಕಲಿಸುತ್ತಿದ್ದರು, ಕಲಿಸುತ್ತಾ ತಮ್ಮ ಕಲಿಕೆಯನ್ನೂ ಗಟ್ಟಿ ಮಾಡಿಕೊಳ್ಳುತ್ತಿದ್ದರು. ಈ ಕ್ರಮ ಮೆಚ್ಚತಕ್ಕದ್ದು, ಇಂಗ್ಲೆಂಡಿನವರು ಇದನ್ನು ಅನುಕರಿಸಿದ್ದು ಸರಿಯಾಗಿದೆ ಎಂದು ಆತ ಬರೆದ. ಆತ ಹೇಳಿದ ಅನುಕರಣೆಯ ಮೂಲ ಮದರಾಸಿನಲ್ಲಿತ್ತು. ಆಂಡ್ರ್ಯೂ ಬೆಲ್ ಎಂಬ ಪಾದ್ರಿ ಅಲ್ಲಿನ ಅನಾಥ ಮಕ್ಕಳ ಶಾಲೆಯಲ್ಲಿ ಈ ನಮ್ಮ ಕ್ರಮವನ್ನು ನೋಡಿ ಅಳವಡಿಸಿ, 1797ರಲ್ಲಿ ಲಂಡನ್ನಿನಲ್ಲಿ ಪುಸ್ತಕ ಅಚ್ಚು ಹಾಕಿಸಿದ. ಅಲ್ಲಿ ಅದಕ್ಕೆ ಮದ್ರಾಸ್ ಪದ್ಧತಿ ಎಂದೇ ಹೆಸರು.

ಹೆಮ್ಮೆ ಪಡುವಾಗ ಪೂರ್ತಿ ಲೆಕ್ಕ ಹೇಳಬೇಕು. ಆ 6,641ರಲ್ಲಿ ಹುಡುಗಿಯರು ಅರವತ್ತೇ. ಎಷ್ಟೋ ಜಾತಿಯವರಿಗೆ ಆ ಜಗುಲಿ ಹತ್ತುವ ಹಕ್ಕೇ ಇರಲಿಲ್ಲ. ಮತ್ತೆ, ದೊಡ್ಡ ಹುಡುಗ ಮಗ್ಗಿ ಹೇಳಿ ಚಿಕ್ಕವರು ಕೂಗಿದರೆ ಅದು ಬಾಯಿಪಾಠವೇ ಹೊರತು ಚರ್ಚೆ ಆಗುವುದಿಲ್ಲ. ಯಾಕೆ ಎಂದು ಕೇಳುವ ಸ್ವಾತಂತ್ರ್ಯ ಅಲ್ಲಿ ಎಷ್ಟಿತ್ತೋ!

ಆ ಸ್ವಾತಂತ್ರ್ಯ ಸ್ವಲ್ಪವಾದರೂ ಸಿಕ್ಕಿದ್ದು ನಲಿ-ಕಲಿ ಬಂದ ಮೇಲೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಅದು ಶುರುವಾಯಿತು. ಅಲ್ಲಿನ ಸರ್ಕಾರಿ ಶಾಲೆಯ ಮೇಷ್ಟ್ರುಗಳು ಆಂಧ್ರದ ಮದನಪಲ್ಲಿ ಹತ್ತಿರದ ರಿಷಿವ್ಯಾಲಿಗೆ ಹೋಗಿ, ಅದರ ಸುತ್ತಿನ ಹಳ್ಳಿ ಶಾಲೆಗಳನ್ನು ನೋಡಿ ಬಂದು, ತಾವೇ ಕಾರ್ಡುಗಳನ್ನು ತಯಾರಿಸಿದರು. ಬಹಳ ವರ್ಷದ ನಂತರ, 2009-10ರಲ್ಲಿ, ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿಗೆಲ್ಲ ಬಂತು. ಮಕ್ಕಳು ನೆಲದ ಮೇಲೆ ಗುಂಪಾಗಿ ಕೂರುವುದು, ಒಂದು ಗುಂಪಿಗೆ ಮೇಷ್ಟ್ರ ಪೂರ್ತಿ ಸಹಾಯ, ಒಂದಕ್ಕೆ ಅರ್ಧ, ಇನ್ನೊಂದಕ್ಕೆ ಗೆಳೆಯರದೇ ಸಹಾಯ, ಕೊನೆಯದು ತಾನೇ ಕಲಿಯುವುದು. ಜ್ವರ ಬಂದು ವಾರ ತಪ್ಪಿಸಿದ ಮಗು ಎಲ್ಲಿ ಬಿಟ್ಟಿತ್ತೋ ಅಲ್ಲಿಂದಲೇ ಮುಂದುವರಿಯಬಹುದು. ನಮ್ಮಂಥ ಹಳ್ಳಿಗೆ ಇದು ದೊಡ್ಡ ಮಾತು. ಸುಗ್ಗಿ ಬಂದರೆ ಅರ್ಧ ಶಾಲೆ ಹೊಲದಲ್ಲಿರುತ್ತದೆ. ಆದರೆ ನೀವೇ ನಮ್ಮ ಜೊತೆ ಜಗಳಕ್ಕೆ ಬಂದಿರಿ, ನೆನಪಿದೆಯೇ? "ಪುಸ್ತಕ ಇಲ್ಲ, ಬೆತ್ತ ಇಲ್ಲ, ಇದೆಂಥ ಸಾಲಿ ರೀ?" ಅಂದಿರಿ. ನಿಮ್ಮ ದೂರಿನಲ್ಲೂ ಹುರುಳಿತ್ತು. ಕಾರ್ಡು ಹರಿದರೆ ಹೊಸದು ಬರುತ್ತಿರಲಿಲ್ಲ, ಒಬ್ಬರೇ ಮೇಷ್ಟ್ರಾದರೆ ಅಷ್ಟು ಗುಂಪು ನೋಡುವುದು ಕಣ್ಣಿಗೆ ಕತ್ತಲೆ ಬರುವ ಕೆಲಸ.

ಗುಂಪು ಮಾಡಿಬಿಟ್ಟರೆ ಕಲಿಕೆ ಆಯಿತೆಂದಲ್ಲ. ಇದನ್ನು ನಾವು ಪೆಟ್ಟು ತಿಂದು ಕಲಿತೆವು. ಆರನೇ ತರಗತಿಯವರನ್ನು ಐದೈದು ಜನರ ಗುಂಪು ಮಾಡಿ ಪ್ರಶ್ನೆ ಕೊಟ್ಟರೆ ಚುರುಕಾದವನೊಬ್ಬ ಬರೆದ, ನಾಲ್ವರು ನಕಲು ಮಾಡಿದರು. ಹಿಂದಿನ ಬೆಂಚಿನವನು ಕಿಟಕಿ ನೋಡುತ್ತಾ ಕೂತ. ಇದೇ ರೋಗಕ್ಕೆ ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿ ಮದ್ದು ಹುಡುಕಿದವರೊಬ್ಬರಿದ್ದರು, ಎಲಿಯಟ್ ಆರನ್‌ಸನ್ ಅಂತ. 1971ರಲ್ಲಿ ಆಸ್ಟಿನ್ ನಗರದಲ್ಲಿ ಬಿಳಿಯ, ಕರಿಯ, ಮೆಕ್ಸಿಕನ್ ಮಕ್ಕಳನ್ನು ಒಂದೇ ಶಾಲೆಗೆ ಸೇರಿಸಿದಾಗ ಹೊಡೆದಾಟ ಆಗುತ್ತಿತ್ತು. ಆತ ಒಂದು ಪಾಠವನ್ನು ತುಂಡು ಮಾಡಿ ಗುಂಪಿನ ಪ್ರತಿ ಮಗುವಿಗೆ ಒಂದೊಂದು ತುಂಡು ಕೊಟ್ಟ. ಪೂರ್ತಿ ಪಾಠ ಯಾರ ಹತ್ತಿರವೂ ಇಲ್ಲ. ಪಕ್ಕದವನು ಹೇಳುವುದನ್ನು ಕೇಳದಿದ್ದರೆ ನಿನಗೇ ನಷ್ಟ. ನಾವೂ ನಮ್ಮೂರ ಕೆರೆಯ ಪಾಠವನ್ನು ಹಾಗೆ ಮಾಡಿದೆವು: ಒಬ್ಬನಿಗೆ ಏರಿ, ಒಬ್ಬನಿಗೆ ತೂಬು, ಒಬ್ಬಳಿಗೆ ಕೋಡಿ, ಇನ್ನೊಬ್ಬಳಿಗೆ ಹೂಳು. ಕಿಟಕಿ ನೋಡುವ ಹುಡುಗನಿಗೆ ತೂಬು ಬಂತು. ಅವನ ಅಪ್ಪ ನೀರುಗಂಟಿ. ಅವತ್ತು ತೂಬಿನ ವಿಷಯ ಅವನು ಹೇಳುತ್ತಿದ್ದರೆ, ಸುಳ್ಳಲ್ಲ, ನಾವೂ ಬಾಯಿ ಮುಚ್ಚಿಕೊಂಡು ಕೇಳಿದೆವು.

2020ರಲ್ಲಿ ಕೊರೊನಾ ಬಂದು ಶಾಲೆ ಮುಚ್ಚಿದ್ದು ನಿಮಗೆ ಗೊತ್ತು. ಮೊಬೈಲಿನಲ್ಲಿ ತರಗತಿಯ ಗುಂಪು ಮಾಡಿದರು. ಪಾಠ ಕಳಿಸಿದರೆ ಎಲ್ಲರೂ ಕೈ ಮುಗಿಯುವ ಚಿತ್ರ ಹಾಕುತ್ತಿದ್ದರು, ಪ್ರಶ್ನೆ ಕೇಳಿದವರು ಒಬ್ಬರೂ ಇಲ್ಲ. ಮೊಬೈಲೇ ಇಲ್ಲದ ಮನೆ ಎಷ್ಟೋ. ಆ ಆಗಸ್ಟ್ ತಿಂಗಳಲ್ಲಿ ವಿದ್ಯಾಗಮ ಬಂತು. ಮೇಷ್ಟ್ರುಗಳು ಗುಡಿಯ ಪೌಳಿ, ಮರದ ನೆರಳು ಎಲ್ಲೆಂದರಲ್ಲಿ ಸಣ್ಣ ಸಣ್ಣ ಗುಂಪಿಗೆ ಪಾಠ ಮಾಡಿದರು. ನಮ್ಮೂರಲ್ಲಿ ಒಂದು ಗುಂಪು ಕೂತದ್ದು ಇದೇ ಸಂಘದ ಗೋಡೌನ್ ಕಟ್ಟೆಯ ಮೇಲೆ. ಮೇಷ್ಟ್ರು ಬೇರೆ ಓಣಿಗೆ ಹೋದ ಮೇಲೂ ಮಕ್ಕಳು ಎದ್ದು ಹೋಗುತ್ತಿರಲಿಲ್ಲ, ಎಂಟನೆಯವಳು ಐದನೆಯವನಿಗೆ ಭಾಗಾಕಾರ ತೋರಿಸುತ್ತಿದ್ದಳು. ಅಕ್ಟೋಬರಿನಲ್ಲಿ ಅದೂ ನಿಂತಿತು.

ಈಗ ಸಂಘದ ಬಾಗಿಲಿಗೆ ಬಂದೆವು. ಕೆನಡಾ ದೇಶದ ಪೂರ್ವ ತುದಿಯಲ್ಲಿ ನೋವಾಸ್ಕೋಷಿಯಾ ಎಂಬ ಪ್ರಾಂತ್ಯವಿದೆ. ಅಲ್ಲಿನ ಬೆಸ್ತರು ವ್ಯಾಪಾರಿ ಹೇಳಿದ ಬೆಲೆಗೆ ಮೀನು ಕೊಟ್ಟು, ಅವನ ಅಂಗಡಿಯಲ್ಲೇ ಸಾಲ ಮಾಡಿ ಬದುಕುತ್ತಿದ್ದರು. 1928ರಲ್ಲಿ ಅಂಟಿಗೋನಿಶ್ ಊರಿನ ವಿಶ್ವವಿದ್ಯಾನಿಲಯ ಹಳ್ಳಿಗಳ ಕೆಲಸಕ್ಕೆಂದೇ ಒಂದು ವಿಭಾಗ ತೆರೆಯಿತು, ಮೋಸಸ್ ಕೋಡಿ ಎಂಬ ಪಾದ್ರಿ ಅದರ ಮುಖ್ಯಸ್ಥರು. ಅವರು ಹೋದ ಕೂಡಲೇ ಸಂಘ ಕಟ್ಟಲಿಲ್ಲ. ಊರ ಸಭೆ ಮಾಡಿ, ಜನರನ್ನು ಸಣ್ಣ ಅಧ್ಯಯನ ಕೂಟಗಳಾಗಿ ಮಾಡಿದರು. ಅಡುಗೆಮನೆಯಲ್ಲಿ ಕೂತು, ನಮ್ಮ ಮೀನಿಗೆ ಈ ಬೆಲೆ ಯಾಕೆ, ಮಧ್ಯದ ಹಣ ಎಲ್ಲಿ ಹೋಗುತ್ತದೆ ಎಂದು ಚರ್ಚೆ. ಆ ಚರ್ಚೆಯಿಂದಲೇ ಸಾಲ ಸಂಘ, ಅಂಗಡಿ, ಮೀನು ಡಬ್ಬಿ ಕಟ್ಟುವ ಸಹಕಾರಿ ಕಾರ್ಖಾನೆ ಹುಟ್ಟಿದವು. ಮೊದಲು ಓದು, ಆಮೇಲೆ ಷೇರು. ನಮ್ಮಲ್ಲಿ ಷೇರು ಮೊದಲಾಯಿತು, ಓದು ಉಳಿದೇ ಹೋಯಿತು ಎನ್ನೋಣವೇ? 1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಂಘ ಕಟ್ಟಿದ ನಾಡು ಇದು.

ವಾರ್ಷಿಕ ಮಹಾಸಭೆಯಲ್ಲಿ ಏನಾಗುತ್ತದೆ? ಕಾರ್ಯದರ್ಶಿಗಳು ಅಢಾವೆ ಪತ್ರಿಕೆ ಓದುತ್ತಾರೆ, ಓದಿದ್ದು ಅವರಿಗೂ ಕೇಳುವುದಿಲ್ಲ. ನಾವು ಕೈ ಎತ್ತುತ್ತೇವೆ, ಮಂಡಕ್ಕಿ ಮಿರ್ಚಿ ತಿಂದು ಏಳುತ್ತೇವೆ. ನಗಬೇಡಿ, ನಾವೂ ತಿಂದಿದ್ದೇವೆ. ಹಿಂದೆ ಒಮ್ಮೆ, ಈ ಸಂಘದಲ್ಲಲ್ಲ, ಬೇರೆ ಕಡೆ, ಗೆಳೆಯರೊಬ್ಬರ ಸಾಲಕ್ಕೆ ಜಾಮೀನು ಹಾಕಿದೆವು. ತೋರಿಸಿದ ಕಡೆ ಸಹಿ ಮಾಡಿದೆವು, ಓದಲಿಲ್ಲ. ಮಕ್ಕಳಿಗೆ ಓದು ಕಲಿಸುವ ಮೇಷ್ಟ್ರೇ ಓದಲಿಲ್ಲ! ಅವರ ಬೆಳೆ ಹೋಯಿತು, ಕಂತು ನಿಂತಿತು, ನಮ್ಮ ಸಂಬಳದಲ್ಲಿ ಮೂರು ವರ್ಷ ಹಿಡಿದರು. ಆ ಕಾಗದವನ್ನು ನಾಲ್ಕು ಜನ ಕೂತು ಓದಿದ್ದರೆ ಒಬ್ಬರಾದರೂ ಆ ಸಾಲಿನ ಮೇಲೆ ಬೆರಳಿಡುತ್ತಿದ್ದರು. ಒಬ್ಬರೇ ಓದುವಾಗ ಗೊತ್ತಿಲ್ಲವೆಂದು ಹೇಳಿಕೊಳ್ಳಲು ನಾಚಿಕೆ ಬಿಡುವುದಿಲ್ಲ.

ಅದಕ್ಕೇ ಬೆಳ್ಳಿಹಬ್ಬದ ವರ್ಷ ಆಡಳಿತ ಮಂಡಳಿಗೆ ನಮ್ಮ ವಿನಂತಿ ಎರಡು. ಈ ಸಲದ ಮಹಾಸಭೆಗೆ ವಾರ ಮೊದಲು ಅಢಾವೆ ಪತ್ರಿಕೆಯ ಪ್ರತಿಯನ್ನು ಓಣಿಗೊಂದರಂತೆ ಕೊಡಿ. ಹತ್ತು ಜನ ಕೂತು ಓದಲಿ, ಅದರಲ್ಲಿ ಹೆಣ್ಣುಮಕ್ಕಳೂ ಇರಲಿ, ಒಂದೊಂದು ಓಣಿ ಒಂದೊಂದು ಪ್ರಶ್ನೆ ತರಲಿ. ಕಾರ್ಯದರ್ಶಿಗಳು ಬೇಸರ ಮಾಡಿಕೊಳ್ಳಬಾರದು, ಪ್ರಶ್ನೆ ಎಂದರೆ ಆರೋಪವಲ್ಲ.

ಎರಡನೆಯದು, ಮೇಲಿನ ಸಭಾಂಗಣ ಸಂಜೆ ಆರರಿಂದ ಎಂಟರವರೆಗೆ ಖಾಲಿ ಬಿದ್ದಿರುತ್ತದೆ. ಎಸ್ಸೆಸ್ಸೆಲ್ಸಿ ಮಕ್ಕಳು ಕೂಡಿ ಓದಲು ಬಿಟ್ಟುಕೊಡಿ. ಅವರಲ್ಲಿ ಎಷ್ಟೋ ಮಂದಿಗೆ ಮನೆಯಲ್ಲಿ ಕಾಲು ಚಾಚಲೂ ಜಾಗವಿಲ್ಲ. ಗದ್ದಲ ಆಗುತ್ತದೆ ಅಂತೀರಿ. ಆಗಲಿ, ನಾವು ಹೋಗಿ ಕೂರುತ್ತೇವೆ, ಈ ಸಲ ಯಾರನ್ನೂ ಹೊರಗೆ ನಿಲ್ಲಿಸುವುದಿಲ್ಲ. ಎರಡು ಟ್ಯೂಬ್‌ಲೈಟು ಬೇಕು; ಒಂದನ್ನು ನಮ್ಮ ಪಿಂಚಣಿಯಲ್ಲಿ ಕೊಡುತ್ತೇವೆ. ಬೀಗದಕೈ ಯಾರ ಹತ್ತಿರ ಇರಬೇಕು ಎಂಬುದನ್ನು ಸಭೆ ಮುಗಿಯುವುದರೊಳಗೆ ಅಧ್ಯಕ್ಷರು ಹೇಳಿದರೆ ನಾಳೆ ಸೋಮವಾರದಿಂದಲೇ ಶುರು ಮಾಡಬಹುದು.