ಕೈಗೆ ಬುದ್ಧಿಯಿದೆ, ಅಧಿಕಾರವೂ ಬೇಕು
(ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ಭಟ್ಟಿಯ ಮುಂದೆ ನಿಂತವನಿಗೆ ಬೆಂಕಿಯ ಗುಣ ಗೊತ್ತು. ಆದರೆ ಭಟ್ಟಿ ಎಲ್ಲಿರಬೇಕು, ಲೋಟ ತೊಳೆಯುವ ತೊಟ್ಟಿ ಎಲ್ಲಿರಬೇಕು ಎಂದು ನಿಶ್ಚಯಿಸುವವರು ಗಲ್ಲಾದ ಮೇಲೆ ಕುಳಿತವರು. ತೊಟ್ಟಿಯನ್ನು ಎರಡು ಮಾರು ಈಚೆಗೆ ತಂದರೆ ದಿನಕ್ಕೆ ಎಷ್ಟೋ ನಡಿಗೆ ಉಳಿಯುತ್ತದೆಂದು ನಾವು ಹೇಳಿದರೆ, “ನಿನ್ನ ಕೆಲಸ ನೀನು ನೋಡು” ಎಂಬ ಉತ್ತರ ಬರುತ್ತದೆ. ಹತ್ತು ಸಲ ಈ ಮಾತು ಕೇಳಿದ ಮೇಲೆ ನಾವು ಯೋಚಿಸುವುದನ್ನೇ ಬಿಡುತ್ತೇವೆ. ಆಗ ಧಣಿಗಳು, ಈ ಜನಕ್ಕೆ ತಲೆಯಿಲ್ಲ ಎನ್ನುತ್ತಾರೆ!

ಗಿರಣಿಯಲ್ಲಿ ದುಡಿದವರು ಕೇಳತಕ್ಕ ಒಂದು ಸಂಗತಿಯಿದೆ. ಜಪಾನಿನ ಸಾಕಿಚಿ ಟೊಯೋಡಾ ಬಡಗಿಯೊಬ್ಬನ ಮಗ. ನೂಲು ಹರಿದ ಕೂಡಲೆ ತಾನಾಗಿ ನಿಲ್ಲುವ ಮಗ್ಗವನ್ನು ಅವರು ಕಂಡುಹಿಡಿದರು. 1924ರಲ್ಲಿ ಅವರ ಪೂರ್ಣ ಸ್ವಯಂಚಾಲಿತ ಮಗ್ಗ ಸಿದ್ಧವಾಯಿತು. ಮುಂದೆ ಅದೇ ಮನೆತನದ ಮೋಟಾರು ಕಾರ್ಖಾನೆಯಲ್ಲಿ, ದೋಷ ಕಂಡರೆ ಹಗ್ಗ ಎಳೆದು ಇಡೀ ಕೆಲಸವನ್ನೇ ನಿಲ್ಲಿಸುವ ಅಧಿಕಾರ ಸಾಮಾನ್ಯ ಕೆಲಸಗಾರನಿಗೂ ದೊರೆಯಿತು. 1951ರಲ್ಲಿ ಕಾರ್ಮಿಕರ ಸಲಹೆಗಳನ್ನು ಬರೆಸಿಕೊಳ್ಳುವ ಪದ್ಧತಿಯೂ ಅಲ್ಲಿ ಬಂತು. ಇದು ಒಳ್ಳೆಯದೇ. ಆದರೂ ಸಲಹೆ ಕಾರ್ಮಿಕನದು, ಕೊನೆಯ ತೀರ್ಮಾನ ಕಂಪನಿಯದು.

ಆ ತೀರ್ಮಾನವೂ ನಮ್ಮ ಕೈಗೆ ಬಂದರೆ ಏನಾದೀತು? ಇದಕ್ಕೆ ಜಪಾನಿಗೆ ಹೋಗಬೇಕಾಗಿಲ್ಲ. 1936ರಲ್ಲಿ ಇದೇ ಮುಂಬಯಿಯ ಚರ್ಚ್‌ಗೇಟಿನಲ್ಲಿ ಮೊದಲ ಇಂಡಿಯಾ ಕಾಫಿ ಹೌಸ್ ತೆರೆಯಿತು. 1950ರ ದಶಕದ ನಡುವೆ ಕಾಫಿ ಬೋರ್ಡು ಕಾಫಿ ಹೌಸುಗಳನ್ನು ಮುಚ್ಚಿತು. ಕೆಲಸಗಾರರು ಬೀದಿಗೆ ಬಿದ್ದರು. ಎ. ಕೆ. ಗೋಪಾಲನ್ ಅವರ ಮುಂದಾಳುತನದಲ್ಲಿ ಅವರು ಸಹಕಾರ ಸಂಘ ಕಟ್ಟಿದರು. 1957ರ ಆಗಸ್ಟ್ 19ರಂದು ಬೆಂಗಳೂರಿನಲ್ಲಿ ಸಂಘ ಹುಟ್ಟಿತು. ಅದೇ ವರ್ಷ ದಿಲ್ಲಿಯಲ್ಲಿ ಕೆಲಸಗಾರರದೇ ಆದ ಮೊದಲ ಕಾಫಿ ಹೌಸ್ ಬಾಗಿಲು ತೆರೆಯಿತು. ಮರುವರ್ಷ ತ್ರಿಶೂರಿನಲ್ಲೂ ಆಯಿತು. ಬೋರ್ಡು ಬೇಡವೆಂದು ಕೈಬಿಟ್ಟ ವ್ಯಾಪಾರವನ್ನು ತಟ್ಟೆ ಎತ್ತುತ್ತಿದ್ದವರೇ ನಡೆಸಿ ತೋರಿಸಿದರು. ಬುದ್ಧಿ ಅವರಲ್ಲಿ ಮೊದಲೇ ಇತ್ತು. ಅಧಿಕಾರ ಸಿಕ್ಕಿದಾಗ ಅದು ಕಣ್ಣಿಗೆ ಬಿತ್ತು.

ಬಂಧುಗಳೇ, ಧಣಿಗಳ ಮಾತು ಇಷ್ಟು ಸಾಕು. ನಮ್ಮ ಸಂಘದಲ್ಲಿಯೂ ಮೇಜಿದೆ, ಕುರ್ಚಿಯಿದೆ. ಕುರ್ಚಿಯವರೇ ಮೊದಲು ಮಾತಾಡಿದರೆ ನಿನ್ನೆ ಊರಿನಿಂದ ಬಂದ ಮಾಣಿ ಬಾಯಿ ಬಿಡುವುದುಂಟೇ? ನಾವು ಕಟ್ಟಿದ ಸಂಘವೇ ಇನ್ನೊಂದು ಗಲ್ಲಾ ಆಗಬಾರದು. ಆದುದರಿಂದ ಈ ಠರಾವನ್ನು ನಿಮ್ಮ ಮುಂದಿಡುತ್ತೇವೆ:

ಪ್ರತಿ ಸಭೆಯಲ್ಲಿ ಹೊಸ ಸದಸ್ಯರು ಮೊದಲು ಮಾತಾಡಬೇಕು, ಪದಾಧಿಕಾರಿಗಳು ಕೊನೆಗೆ. ಬಂದ ಸಲಹೆಯನ್ನು ಹೇಳಿದವರ ಹೆಸರಿನೊಡನೆ ಪುಸ್ತಕದಲ್ಲಿ ಬರೆಯಬೇಕು. ಒಪ್ಪದಿದ್ದರೆ ಮುಂದಿನ ಸಭೆಯಲ್ಲಿ ಕಾರಣ ಹೇಳಬೇಕು. ಒಪ್ಪಿದರೆ, ಸಲಹೆ ಕೊಟ್ಟವರಿಗೇ ಅದನ್ನು ನಡೆಸುವ ಅಧಿಕಾರ ಕೊಡಬೇಕು.

ಇದರಲ್ಲಿ ಕೊರತೆ ಕಂಡವರು ಈಗಲೇ ಎದ್ದು ಹೇಳಿರಿ. ಹಿಂದಿನ ಸಾಲಿನವರಿಂದ ಆರಂಭವಾಗಲಿ.